ಟುವಾಲಿನ ಕೆಳಗೆ ನಡೆದ ಸಭೆ

ಬಾಯಿತುಂಬ ಮಿರ್ಚಿ ಭಜಿ ಇಟ್ಟುಕೊಂಡವರಿಂದ ಮಾತು ಹೊರಡುವುದಿಲ್ಲ ಎಂಬ ಸರಳ ಸತ್ಯ ನನಗೆ ಹೊಳೆದದ್ದು, ಸಭೆಯಲ್ಲಿ ಮಾತು ಹೊರಡಲೆಂದು ನಾನೇ ತರಿಸಿದ ತಟ್ಟೆ ಖಾಲಿಯಾದ ಮೇಲೆ. ಆ ಶುಕ್ರವಾರದ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: ಭಜಿ ಇಪ್ಪತ್ತು, ಮಾತು ಸೊನ್ನೆ.

ನಮ್ಮದು ವಿಜಯಪುರದ ಸಣ್ಣ ಸಾಫ್ಟ್‌ವೇರ್ ಕಚೇರಿ. ಯಾವ ಶೀತಲಗೃಹದಲ್ಲಿ ಯಾರ ಒಣದ್ರಾಕ್ಷಿ ಎಷ್ಟಿದೆ ಎಂದು ಬೆಳೆಗಾರರಿಗೆ ಮೊಬೈಲಿನಲ್ಲೇ ತೋರಿಸುವ ಆ್ಯಪ್ ಮಾಡುತ್ತೇವೆ. ಎರಡು ವಾರಕ್ಕೊಮ್ಮೆ ಎಲ್ಲರೂ ಮೇಜಿನ ಸುತ್ತ ಕುಳಿತು, ಏನು ನೆಟ್ಟಗಾಯಿತು, ಏನು ಕೆಟ್ಟಿತು, ಮುಂದೇನು ಬದಲಿಸೋಣ ಎಂದು ಮನಸ್ಸು ಬಿಚ್ಚಿ ಹೇಳಬೇಕು. ಅದಕ್ಕೆ ರೆಟ್ರೊ ಎಂದು ಹೆಸರು. ಅದಕ್ಕೆ ಜೀವ ತುಂಬುವ ಹೊಣೆ ನನ್ನದು. ಬಣ್ಣದ ಚೀಟಿ ಹಂಚಿದೆ. ಎಲ್ಲ ಬಣ್ಣಗಳಲ್ಲೂ ‘ಎಲ್ಲಾ ಚಲೋ ಐತ್ರಿ’ ಎಂದೇ ಬಂತು. ಚೆಂಡು ಹಿಡಿದವರು ಮಾತಾಡಬೇಕು ಎಂದೆ. ಯಾರೂ ಹಿಡಿಯದ ಚೆಂಡು ಕಿಟಕಿ ದಾಟಿ ಕೆಳಗಿನ ಚಹಾದಂಗಡಿಯ ಕುದಿಯುವ ಪಾತೇಲಿಗೆ ಬಿತ್ತು. ಮನಸ್ಸು ಬಿಚ್ಚಿ ಮಾತಾಡಿದವನು ಆ ಅಂಗಡಿಯವನೊಬ್ಬನೇ.

ಮೌನಕ್ಕೂ ಒಂದು ಬೇರಿರುತ್ತದೆ, ಗೆಳೆಯರೇ. ನಮ್ಮದರ ಬೇರು ಈರಣ್ಣನ ಬಳಿ ಇತ್ತು. ತಿಕೋಟಾದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಈರಣ್ಣ ಹಿಂದೊಮ್ಮೆ, ಶುಕ್ರವಾರ ಅವಸರದಲ್ಲಿ ಕಳಿಸಿದ ಆ್ಯಪನ್ನು ರಿಪೇರಿ ಮಾಡುವುದರಲ್ಲೇ ಪ್ರತಿ ಶನಿವಾರದ ರಜೆ ಹಾಳಾಗುತ್ತದೆ ಎಂದಿದ್ದ. ತಂಡದ ಮುಖ್ಯಸ್ಥರಾದ ಶಿವಾನಂದ ಸರ್ ಮುಖ ಅರಳಿಸಿ, “ಭಾಳ ಚಲೋ ಮಾತು ಹೇಳಿದಿ. ಇದಕ್ಕೊಂದು ಪ್ಲಾನ್ ಮಾಡ್ಕೊಂಡು ಬಾ, ಶನಿವಾರ ಕುಂತು ಮಾತಾಡೂಣು” ಎಂದಿದ್ದರು. ಅಂದಿನಿಂದ ನಮ್ಮಲ್ಲಿ ಎಲ್ಲವೂ ಚಲೋ.

ಮುಂದಿನ ಸಭೆಗೆ ಮೊದಲು ಈರಣ್ಣ ನನ್ನನ್ನು ಬದಿಗೆ ಕರೆದ. “ಇವತ್ತೂ ಹಿಂಗ ಆತಂದ್ರ ಸೋಮವಾರದಿಂದ ನಾ ಬರಂಗಿಲ್ರಿ. ನಮ್ಮೂರ ಸಾಲಿ ಆಫೀಸಿಗೆ ಕರ್ದಾರ.”

ಅವನು ಶಾಲೆಯ ಕೆಲಸಕ್ಕೆ ಹೋದರೆ ಆ್ಯಪಿನ ದ್ರಾಕ್ಷಿ ತೂಕದ ಲೆಕ್ಕ ಬಲ್ಲವರು ಇನ್ನಾರೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅವನಿಲ್ಲದ ಮೇಜಿನ ಸುತ್ತ ಕೂರುವ ಮನಸ್ಸು ನನಗಿರಲಿಲ್ಲ. ಬಿಜ್ಜರಗಿಯ ಮಲ್ಲಪ್ಪ, ನಮ್ಮ ಆ್ಯಪಿನ ತಪ್ಪು ಹುಡುಕುವವನು, ನನ್ನ ಮೋರೆ ನೋಡಿ ನಕ್ಕ. “ಎತ್ತಿನ ಸಂತ್ಯಾಗ ಯಾರರ ಬಾಯಿ ಬಿಡ್ತಾರೇನ್ರಿ? ಆದ್ರೂ ವ್ಯಾಪಾರ ನಿಂತೈತೇನು?” ಎಂದವನೇ ಕೊರಳಿನ ಟುವಾಲನ್ನು ಮೇಜಿನ ನಡುವೆ ಹಾಸಿದ.

ದನದ ಸಂತೆಯಲ್ಲಿ ಬೆಲೆಯನ್ನು ಕೂಗುವುದಿಲ್ಲ. ಬಟ್ಟೆಯ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಕುದುರಿಸುತ್ತಾರೆ. ಸಭೆ ಸೇರಿದಾಗ ಮಲ್ಲಪ್ಪ ಒಂದು ಬೆರಳೆತ್ತಿ ಸಾರಿದ: “ಒಂದು ಬಟ್ಟಂದ್ರ ತಿಂಗಳಿಗೆ ಒಂದು ಶನಿವಾರ ಸೂಟಿ. ಸರ, ಕೈ ಹಾಕ್ರಿ. ಈರಣ್ಣ, ನೀನೂ ಹಾಕಲೇ.”

ಸರ್ ಗದರುತ್ತಾರೆಂದುಕೊಂಡೆ. ಆದರೆ ನಿಡೋಣಿಯ ಎತ್ತಿನ ವ್ಯಾಪಾರಿಯ ಮಗ ಅವರು. ಟುವಾಲು ಕಂಡದ್ದೇ ತಡ, ಲ್ಯಾಪ್‌ಟಾಪ್ ಮುಚ್ಚಿ ಅಂಗಿಯ ತೋಳು ಮಡಚಿದರು. ಇಬ್ಬರೂ ಸೂರು ನೋಡುತ್ತ ಕುಳಿತರು. ಕೆಳಗೆ ಟುವಾಲು ಉಬ್ಬಿತು, ತಗ್ಗಿತು, ಹೊರಳಿತು. ಸರ್ ಅಡ್ಡಡ್ಡ ತಲೆಯಾಡಿಸಿದರು. ಈರಣ್ಣ ಹುಬ್ಬು ಗಂಟಿಕ್ಕಿದ. ಚೀಟಿಗೂ ಚೆಂಡಿಗೂ ತೂಕಡಿಸಿದವರು ಈಗ ಕುರ್ಚಿಯಿಂದ ಎದ್ದು ಬಗ್ಗಿ ನೋಡುತ್ತಿದ್ದರು. ಮನುಷ್ಯನಿಗೆ ಬೇಕಾದದ್ದು ಮಾತಿನ ಸ್ವಾತಂತ್ರ್ಯವೋ ಅಥವಾ ಆಡದೆಯೂ ಹೇಳಬಲ್ಲ ಒಂದಿಷ್ಟು ಮರೆಯೋ ಎಂದು ನಾನು ಯೋಚಿಸುತ್ತಿರುವಾಗಲೇ ಸರ್ ನರಳಿದರು.

“ಕೈ ಬಿಡೋ ಈರಣ್ಣ, ಬಟ್ಟು ನೋಯಾಕತ್ತಾವು!”

“ಶನಿವಾರ ಬಿಡ್ರಿ ಸರ, ಕೈ ಬಿಡ್ತೀನಿ.”

“ಬಾಯಿಲೆ ಮಾತಾಡಬ್ಯಾಡ್ರಿ!” ಮಲ್ಲಪ್ಪ ಮೇಜು ಗುದ್ದಿದ. “ಸಂತಿ ಕೆಡ್ತೈತಿ!”

ಟುವಾಲು ಮತ್ತೆ ಹೊರಳಿತು. ಕೊನೆಗೆ ಸರ್ ಉಸಿರು ಬಿಟ್ಟು ಒಪ್ಪಿಗೆಯೆಂದು ತಲೆಯಾಡಿಸಿದರು. ಮಲ್ಲಪ್ಪ ಟುವಾಲಿನೊಳಗೆ ಕೈ ತೂರಿಸಿ ಎಣಿಸಿದ. “ಮೂರಕ್ಕ ಮುಗೀತ್ರಿ!”

ಈರಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ, “ಸೋಮವಾರ ಬರ್ತೀನ್ರಿ” ಎಂದ.

ಸರ್ ಕೆಂಪಾದ ಬೆರಳುಗಳನ್ನು ಊದಿಕೊಳ್ಳುತ್ತ ಎಲ್ಲರ ಮುಖ ನೋಡಿದರು. “ಮತ್ತ ಯಾರದರ ಏನರ ಐತೇನು?”

ಮೇಜಿನ ನಾಲ್ಕೂ ಕಡೆಯಿಂದ ಕೈಗಳು ಒಮ್ಮೆಲೇ ಟುವಾಲಿನ ಕೆಳಗೆ ಸರಿದವು; ಅವುಗಳಲ್ಲಿ ಒಂದು ನನ್ನದು.