ಪ್ಲೈವುಡ್ ಗೋಡೆಯ ಈಚೆ ತಟ್ಟಮ್ಮ

ನನ್ನ ಮಗಳು ಹಗಲಿಡೀ ಇರುವ ಶಿಶುವಿಹಾರ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿದೆ. ಮಕ್ಕಳನ್ನು ತಟ್ಟಿ ತಟ್ಟಿ ಮಲಗಿಸುವ ಆಯಾಗೆ ಮಕ್ಕಳೇ ಇಟ್ಟ ಹೆಸರು ತಟ್ಟಮ್ಮ. ಗಂಡ ಹೋದ ಮೇಲೆ ಕೀಲಿಕೈ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರೊಬ್ಬರೇ. ಬೆಳಿಗ್ಗೆ ರೇಡಿಯೋ ಹಚ್ಚಿಟ್ಟೇ ಬೀಗ ಹಾಕುತ್ತಾರೆ. ಸಂಜೆ ಬಾಗಿಲು ತೆಗೆದಾಗ ಒಳಗೆ ಯಾರೋ ಇದ್ದಂತಿರಬೇಕಂತೆ.

ವರ್ಷಗಟ್ಟಲೆ ಅವರು ಬಿಟ್ಟಿ ದುಡಿದರು. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಇನ್ನೂ ಮನೆಗೆ ಹೋಗದೆ ಉಳಿದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡೇ ಹಿಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದರು. ಮುಗಿದ ಮೇಲೆ ಹೆಂಗಸರ ಜೊತೆ ಒಂದಿಷ್ಟು ಹರಟೆ. ದಿನಕ್ಕೆ ಅವರಿಗಿದ್ದ ಜನವೆಂದರೆ ಅಷ್ಟೇ.

ಈ ವರ್ಷ ಶಿಶುವಿಹಾರಕ್ಕೆ ಸರ್ಕಾರದ ಅನುದಾನ ಬಂತು. ಹೊಸ ಹಾಸಿಗೆ, ತಟ್ಟಮ್ಮನಿಗೆ ಸಂಬಳ. ಆದರೆ ಸರ್ಕಾರ ಸಂಬಳ ಕೊಡುವ ಹೊತ್ತಿನಲ್ಲಿ ಪೂಜೆ ಪ್ರಾರ್ಥನೆ ಸಲ್ಲದೆಂಬ ಷರತ್ತು. ಮಂದಿರಕ್ಕೂ ಶಿಶುವಿಹಾರಕ್ಕೂ ಮಧ್ಯೆ ಪ್ಲೈವುಡ್ ಗೋಡೆ ಎದ್ದಿತು. ಕೊನೆಯ ಮಗು ಮನೆಗೆ ಹೋಗುವ ತನಕ ತಟ್ಟಮ್ಮ ಆಚೆ ಹೋಗುವಂತಿಲ್ಲ.

ಆ ಕೊನೆಯ ಮಗು ನನ್ನದು. ಕನ್ನಡಕದಂಗಡಿಯ ಕೆಲಸ ಮುಗಿಸಿ, ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಆಚೆ ಪ್ರಾರ್ಥನೆ ಮುಗಿದು ಕುರ್ಚಿ ಮಡಚುವ ಸದ್ದಷ್ಟೇ ಉಳಿದಿರುತ್ತದೆ. ಅದರ ಅರ್ಥ ನನಗೆ ಹೊಳೆದದ್ದು ಕಳೆದ ವಾರ, ಕರೆಂಟು ಹೋಗಿ ಅಂಗಡಿ ಬೇಗ ಮುಚ್ಚಿದ ದಿನ. ಹೋಗಿ ನೋಡಿದರೆ ತಟ್ಟಮ್ಮ ನನ್ನ ಮಗಳನ್ನು ಹೆಗಲಿಗೆ ಹಾಕಿಕೊಂಡು, ಗೋಡೆಗೆ ಕಿವಿಯಿಟ್ಟು, ಆಚೆಯ ಹಾಡಿನ ತಾಳಕ್ಕೆ ಬೆನ್ನು ತಟ್ಟುತ್ತಿದ್ದರು. ನನ್ನನ್ನು ಕಂಡು ಬೆಚ್ಚಿಬಿದ್ದರು.

"ಅಯ್ಯೋ, ಹಾಡ್ಲಿಲ್ಲ ಕಣಮ್ಮಾ! ಬರೀ ತುಟಿ ಅಲ್ಲಾಡಿಸ್ದೆ."

"ನಾನೇನು ಇನ್‌ಸ್ಪೆಕ್ಟರಾ? ಕೊಡಿ ಇವಳ್ನ. ಹೋಗಿ ಬನ್ನಿ."

ತಲೆಗೂದಲು ಸವರಿಕೊಂಡು ಎಳೆ ಹುಡುಗಿಯ ಹಾಗೆ ಓಡಿದರು. ಸ್ವಲ್ಪ ಹೊತ್ತಿಗೆ ಆಚೆಯಿಂದ ಅವರ ದನಿ ಕೇಳಿಸಿತು. ಎಲ್ಲರಿಗಿಂತ ಅರ್ಧ ಸಾಲು ಮುಂದೆ! ಮಗಳು ನಕ್ಕು ಗೋಡೆ ತಟ್ಟಿದಳು.

"ಏನ್ರೀ ಸರ್ಕಾರಿ ನೌಕರ್ರೇ, ದಾರಿ ತಪ್ಪಿ ಬಂದ್ರಾ?" ಹಾಡು ಮುಗಿದ ಮೇಲೆ ಯಾರೋ ಛೇಡಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ತಟ್ಟಮ್ಮನೇ.

ಮರುದಿನವೇ ಅಂಗಡಿ ಯಜಮಾನರನ್ನು ಕೇಳಿದೆ, ದಿನಾ ಒಂದು ಗಂಟೆ ಮುಂಚೆ ಬಿಡಿ, ಬೆಳಿಗ್ಗೆ ಬೇಗ ಬರುತ್ತೇನೆಂದು. "ಬೆಳಿಗ್ಗೆ ಬಂದು ಯಾರಿಗಮ್ಮಾ ಕನ್ನಡಕ ಹಾಕ್ತೀಯ? ಗಿರಾಕಿ ಬರೋದೇ ಸಂಜೆ. ಬೇಕಾದ್ರೆ ವಾರಕ್ಕೊಂದಿನ ಹೋಗು, ಸೋಮವಾರ." ಅಷ್ಟಕ್ಕೇ ಒಪ್ಪಿಕೊಂಡೆ. ಈ ಕೆಲಸ ಬಿಡುವ ಹಾಗಿಲ್ಲ ನಾನು.

ತಟ್ಟಮ್ಮನಿಗೆ ಹೇಳಿದಾಗ ಮಗಳ ಸ್ವೆಟರಿನ ಗುಂಡಿ ಹಾಕುತ್ತಲೇ ಅಂದರು, "ಸಾಕು ಬಿಡಮ್ಮಾ. ಉಳಿದ ದಿನ ಕಾಯೋಕಾದ್ರೂ ಒಂದು ಸೋಮವಾರ ಸಿಕ್ತಲ್ಲ."

ಇವತ್ತು ಮಂಗಳವಾರ. ನಾನು ತಲುಪಿದಾಗ ಆಚೆ ಕುರ್ಚಿಗಳ ಸದ್ದೂ ನಿಂತಿತ್ತು. ತಟ್ಟಮ್ಮ ಮಗಳಿಗೆ ಬೂಟು ತೊಡಿಸಿ, ತಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದೀಪ ಆರಿಸಿ ಬಾಗಿಲೆಳೆದು, "ಬರ್ತೀನಮ್ಮಾ, ಪಾಪ ರೇಡಿಯೋ ಕಾಯ್ತಿರುತ್ತೆ" ಎಂದರು.

ತಿರುವಿನವರೆಗೂ ಮಗಳು ನನ್ನ ಹೆಗಲ ಮೇಲಿಂದ ಅವರಿಗೆ ಕೈ ಬೀಸುತ್ತಲೇ ಇದ್ದಳು. ಅವರು ತಿರುಗಿ ನೋಡಲಿಲ್ಲ.