ಶೇಡಬಾಳದ ಸೂರ್ಯಾಸ್ತ ಮತ್ತು ನಾಲ್ಕು ಟೈರು

ಈಚೆಗೆ ನನಗೊಂದು ಚಟ ಹತ್ತಿದೆ. ಎಲ್ಲಿ ಕಾರು ನಿಂತದ್ದು ಕಂಡರೂ ಮೊದಲು ಅದರ ಟೈರು ನೋಡುತ್ತೇನೆ. ಮದುವೆಗೆ ಹೋದರೆ ಒಳಗೆ ಅಕ್ಷತೆ ಬೀಳುತ್ತಿರುತ್ತದೆ, ನಾನು ಹೊರಗೆ ನಿಂತ ಗಾಡಿಗಳ ನಡುವೆ ಬಗ್ಗಿಕೊಂಡು, ಟೈರಿನ ಸಾಲುಗಳೊಳಗೆ ಉಗುರು ತೂರಿಸಿ ಇನ್ನೆಷ್ಟು ಆಳ ಉಳಿದಿದೆ ಎಂದು ನೋಡುತ್ತಿರುತ್ತೇನೆ. ರಾಯಬಾಗದ ಒಂದು ಮದುವೆಯಲ್ಲಿ ವರನ ತಂದೆ ನನ್ನನ್ನು ಈ ಭಂಗಿಯಲ್ಲಿ ಕಂಡು, ಯಾರೋ ಗಾಳಿ ಬಿಡುತ್ತಿದ್ದಾರೆ ಎಂದುಕೊಂಡು ಓಡಿ ಬಂದರು. ಹತ್ತಿರ ಬಂದಾಗ ಗುರುತು ಸಿಕ್ಕಿತು. "ಏನ್ರಿ ಸರ, ಏನರ ಕಳದೈತೇನ್ರಿ?" ಎಂದು ಮರ್ಯಾದೆಯಿಂದಲೇ ಕೇಳಿದರು. ಕಳೆದದ್ದು ಏನೂ ಇರಲಿಲ್ಲ. "ನಿಮ್ಮ ಹಿಂದಿನ ಎಡಗಡೆ ಟಾಯರ ಒಳಬಾಜು ಸವದೈತ್ರಿ" ಎಂದು ಹೇಳಿ ಊಟದ ಪಂಕ್ತಿಯ ಕಡೆ ನಡೆದೆ. ಅವರು ಬಹಳ ಹೊತ್ತು ಅಲ್ಲೇ ನಿಂತು ಟೈರನ್ನೂ ನನ್ನನ್ನೂ ನೋಡುತ್ತಿದ್ದರು.

ಇದು ನನ್ನ ಹುಟ್ಟುಗುಣವಲ್ಲ. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಪ್ರತಿ ವರ್ಷ ಘರ್ಷಣೆಯ ಪಾಠ ಬಂದಾಗ ಮೇಜಿನ ಮೇಲೆ ಡಸ್ಟರು ಜಾರಿಸಿ ತೋರಿಸುತ್ತೇನೆ. ಘರ್ಷಣೆ ಎಂಬುದು ತೂಕದ ಮೇಲೆ ನಿಂತಿದೆ, ತಾಗುವ ಮೈಯ ಅಗಲದ ಮೇಲೆ ಅಲ್ಲ ಎಂದು ಗಂಭೀರವಾಗಿ ಬರೆಸುತ್ತೇನೆ. "ಹಂಗಾದ್ರ ರೇಸಿನ ಕಾರಿಗೆ ಅಗಲ ಟಾಯರ ಯಾಕ್ರಿ ಸರ?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಗಂಟೆಯ ಕಡೆ ನೋಡುತ್ತೇನೆ. ಹೀಗೆ ಘರ್ಷಣೆಯಿಂದಲೇ ಹೊಟ್ಟೆ ಹೊರೆಯುವ ನಾನು ಒಂದು ಸಂಜೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಡಸ್ಟರಿನಂತೆಯೇ ಜಾರಿದೆ.

ಇದಕ್ಕೆಲ್ಲ ಸೂರ್ಯನೇ ಕಾರಣ. ನಾವು ಜೈನರು. ನನ್ನ ಹೆಂಡತಿ ಸುನಂದಾ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಂತೂ ನೀರು ಸಹ ಮುಟ್ಟುವುದಿಲ್ಲ. ನಾನು ಈ ವಿಷಯದಲ್ಲಿ ಸ್ವಲ್ಪ ಸಡಿಲ ಮನುಷ್ಯ; ನಮ್ಮ ಬಸ್ ಸ್ಟ್ಯಾಂಡಿನ ಬಳಿಯ ಭಜಿ ಅಂಗಡಿಯವನಿಗೆ ಅದು ಚೆನ್ನಾಗಿ ಗೊತ್ತು. ಆದರೆ ಶೇಡಬಾಳದಲ್ಲಿರುವ ಅವಳ ತವರಿನಲ್ಲಿ ಸಡಿಲಿಕೆ ನಡೆಯುವುದಿಲ್ಲ. ಹೊತ್ತು ಮುಳುಗಿತೆಂದರೆ ಒಲೆ ಆರಿತು, ಪಾತ್ರೆ ತೊಳೆದು ಬೋರಲು ಹಾಕಿಯಾಯಿತು. ಬಂದವನು ಅಳಿಯನೇ ಆಗಲಿ, ಬೆಳಗಿನ ತನಕ ಕಾಯಬೇಕು. ಕಬ್ಬು, ದ್ರಾಕ್ಷಿ ಎರಡೂ ಇರುವ ಮನೆ ಅದು. ಯಾವುದಕ್ಕೂ ಕೊರತೆಯಿಲ್ಲ, ಕತ್ತಲಾದ ಮೇಲಿನ ಊಟ ಒಂದನ್ನು ಬಿಟ್ಟು. ಕಾಲೇಜು ಮುಗಿಸಿ, ಕಬ್ಬೂರು, ರಾಯಬಾಗ, ಕುಡಚಿ ದಾಟಿ, ಬೆಳಕು ಇರುವಾಗಲೇ ಶೇಡಬಾಳ ಮುಟ್ಟುವುದೆಂದರೆ ನನಗೆ ಸೂರ್ಯನ ಜೊತೆ ಪಂದ್ಯ ಕಟ್ಟಿದಂತೆಯೇ.

ಬೇಸಿಗೆಯಲ್ಲಿ ಸೂರ್ಯ ಪ್ರಾಮಾಣಿಕ. ಎಲ್ಲಿದ್ದಾನೆ, ಇನ್ನೆಷ್ಟು ಇಳಿಯಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಮಳೆಗಾಲದಲ್ಲಿ ಮೋಡದ ಹಿಂದೆ ಸರಿದು, ಯಾರಿಗೂ ಹೇಳದೆ ಕೇಳದೆ ಮುಳುಗಿಬಿಡುತ್ತಾನೆ. ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಹೊತ್ತು ಅಚ್ಚಾಗಿರುತ್ತದೆ ನಿಜ, ಆದರೆ ನನ್ನ ಅತ್ತೆ ಕ್ಯಾಲೆಂಡರಿಗಿಂತ ತಮ್ಮ ಅಂಗಳದ ಬೆಳಕನ್ನು ನಂಬುವವರು. ವಿಚಿತ್ರ ನೋಡಿ, ಯಾವ ತಿಂಗಳುಗಳಲ್ಲಿ ನೇಮ ಬಿಗಿಯೋ ಅವೇ ತಿಂಗಳುಗಳಲ್ಲಿ ರಸ್ತೆ ಒದ್ದೆ. ಬೇಗ ಹೋಗಬೇಕಾದ ಕಾಲದಲ್ಲೇ ಬೇಗ ಹೋಗಬಾರದು.

ಈ ಪಂದ್ಯ ಗೆಲ್ಲಲೆಂದೇ ನಾನು ಟರ್ಬೋ ಇಂಜಿನ್ನಿನ ಒಂದು ಚಿಕ್ಕ ಕಾರು ಕೊಂಡದ್ದು. ಅದರ ಮೂಲ ಟೈರುಗಳು ಸವೆದಾಗ, ಮೊಬೈಲಿನಲ್ಲಿ ರಾತ್ರಿಯೆಲ್ಲ ವಿಡಿಯೋ ನೋಡಿ, ರೇಸಿನವರು ಮೆಚ್ಚುವಂಥ ಅಗಲವಾದ, ಮೈಮೇಲೆ ಸಾಲುಗಳು ಕಡಿಮೆ ಇರುವ ಟೈರು ಹಾಕಿಸಿದೆ. ಒಣ ರಸ್ತೆಯಲ್ಲಿ ಅವು ಗೋಡೆಯ ಮೇಲಿನ ಹಲ್ಲಿಯ ಹಾಗೆ ಕಚ್ಚಿಕೊಳ್ಳುತ್ತಿದ್ದವು. ತಿರುವಿನಲ್ಲಿ ನಾನು ಉಬ್ಬಿ ಹೋಗುತ್ತಿದ್ದೆ. ಸುನಂದಾ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ತೊಡೆಯ ಮೇಲಿನ ಬುತ್ತಿಗಂಟು ಹಿಡಿದುಕೊಂಡು ಕೂರುತ್ತಿದ್ದಳು. ಆ ಗಂಟು ಪ್ರತಿ ಸಲ ಚಿಕ್ಕೋಡಿಯಿಂದ ಹೊರಟು, ಕಟ್ಟಿದ್ದು ಕಟ್ಟಿದ ಹಾಗೆಯೇ ಶೇಡಬಾಳ ಮುಟ್ಟುತ್ತಿತ್ತು. ತವರಿಗೆ ಒಯ್ಯುವ ಏನೋ ತಿನಿಸು ಇರಬೇಕು ಎಂದು ತಿಳಿದು ನಾನೂ ಕೇಳಲು ಹೋಗಿರಲಿಲ್ಲ.

ಆ ವರ್ಷ ಚಾತುರ್ಮಾಸ ಮುಗಿಯುತ್ತ ಬಂದಿತ್ತು. ಹಿಂಗಾರಿ ಮಳೆ ಆಗಷ್ಟೇ ಒಂದು ಸಲ ಹೊಯ್ದು ಹೋಗಿತ್ತು. ರಾಯಬಾಗ ದಾಟಿದ ಮೇಲೆ ಯಾವುದೋ ಹೊಲದಿಂದ ಟ್ರ್ಯಾಕ್ಟರೊಂದು ರಸ್ತೆಗೆ ಏರಿ, ತನ್ನ ಗಾಲಿಗಳಿಗೆ ಹತ್ತಿದ ಕಪ್ಪು ಎರಿ ಮಣ್ಣನ್ನೆಲ್ಲ ಡಾಂಬರಿನ ಮೇಲೆ ಮೆತ್ತಿ ಹೋಗಿತ್ತು. ನಮ್ಮ ಎರಿ ಮಣ್ಣಿನ ಗುಣ ಗೊತ್ತಲ್ಲ, ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ತಿರುವಿನಲ್ಲಿ ಬ್ರೇಕು ಒತ್ತಿದೆ. ಕಾರು ಒಂದು ಕಡೆ ಮುಖ ಮಾಡಿ ಇನ್ನೊಂದು ಕಡೆ ಹೋಯಿತು. ಸ್ಟೀರಿಂಗು ನನ್ನ ಕೈಯಲ್ಲಿತ್ತು, ಕಾರು ಇರಲಿಲ್ಲ. ರಸ್ತೆ ಬದಿಯ ಕಬ್ಬಿನೊಳಗೆ ಅರ್ಧ ಹೊಕ್ಕು, ಕಬ್ಬೇ ತಡೆದು ನಿಲ್ಲಿಸಿತು. ಯಾರಿಗೂ ಪೆಟ್ಟಾಗಲಿಲ್ಲ. ಗಾಜಿನ ತುಂಬ ಕಬ್ಬಿನ ಎಲೆ.

ಆಮೇಲೆ ಸುನಂದಾ ಹಿಡಿಕೆ ಬಿಟ್ಟು, ಸೆರಗು ಸರಿಮಾಡಿಕೊಂಡು, ಶಾಂತವಾಗಿ ಹೇಳಿದಳು: "ಕಬ್ಬಿನ ಮಾಲಕಗ ಏನ್ ಹೇಳ್ತೀರಿ ನೀವ ಹೇಳ್ರಿ. ನಾ ಇನ್ನ ಈ ಗಾಡ್ಯಾಗ ಕುಂಡ್ರಂಗಿಲ್ಲ." ಬುತ್ತಿಗಂಟನ್ನೂ ಸೀಟಿನಲ್ಲೇ ಬಿಟ್ಟು, ರಸ್ತೆಗೆ ಹೋಗಿ ಕೈ ಮಾಡಿ ಬಸ್ಸು ಹತ್ತಿಬಿಟ್ಟಳು. ಬಸ್ಸು ಶೇಡಬಾಳ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಅಂದು ಅವಳು ಹಸಿದೇ ಮಲಗಿದಳು. ಕಾರಿಗೆ ಬಿದ್ದ ಗೀರಿಗಿಂತ ನನಗೆ ಅದೇ ಹೆಚ್ಚು ಚುಚ್ಚಿತು.

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಮುಂದಿನ ಚಳಿಗಾಲವೆಲ್ಲ, ಬೇಸಿಗೆಯೆಲ್ಲ ಶೇಡಬಾಳಕ್ಕೆ, ಅಥಣಿಗೆ, ನಿಪ್ಪಾಣಿಗೆ, ಎಲ್ಲಿಗೆ ಹೋಗಬೇಕಾದರೂ ಬಸ್ಸಿನಲ್ಲೇ. ನಾನು ಬಿಡದೆ ಬಸ್ಸಿನ ಹಿಂದೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಕಿಟಕಿಯ ಸೀಟು ಸಿಕ್ಕರೆ ಅವಳು ಹೊರಗೆ ನೋಡಿ ನಗುತ್ತಿದ್ದಳು, ಒಮ್ಮೊಮ್ಮೆ ಕೈಯನ್ನೂ ಬೀಸುತ್ತಿದ್ದಳು. ಬಸ್ಸಿನ ಟೈರು ನನ್ನ ಟೈರಿಗಿಂತ ಹಳತು ಎಂದು ನನಗೆ ಕಾಣುತ್ತಿತ್ತು, ಆದರೆ ನೋಡುತ್ತಿದ್ದದ್ದು ಹೊಟ್ಟೆಕಿಚ್ಚಿನ ಕಣ್ಣು. ಅವಳ ತಮ್ಮ ಅಜಿತ ಶೇಡಬಾಳದ ಅಂಗಳದಲ್ಲಿ ನಿಂತು, ಮೊದಲು ಅಕ್ಕನನ್ನು, ಆಮೇಲೆ ನನ್ನನ್ನು ಬರಮಾಡಿಕೊಂಡು, "ಬರ್ರಿ ಮಾವಾರ, ಬಸ್ಸಿನ ಕಾವಲ ಚಲೋ ಮಾಡಿದ್ರಿ" ಎನ್ನುತ್ತಿದ್ದ.

ಸುನಂದಾ ಮತ್ತೆ ನನ್ನ ಪಕ್ಕ ಕೂರಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಅದಕ್ಕಾಗಿ ಟೈರಿನ ಅಧ್ಯಯನಕ್ಕೆ ಬಿದ್ದೆ. ನನ್ನ ಪಾಠಪುಸ್ತಕದ ಘರ್ಷಣೆಯ ನಿಯಮವನ್ನು ರಬ್ಬರು ಅಷ್ಟಾಗಿ ಲೆಕ್ಕಕ್ಕಿಟ್ಟುಕೊಂಡಿಲ್ಲ ಎಂಬುದು ಮೊದಲು ತಿಳಿಯಿತು. ರಬ್ಬರು ಮೆತ್ತಗಿದ್ದರೆ ರಸ್ತೆಯ ಸಣ್ಣ ಸಣ್ಣ ತಗ್ಗುಗಳಿಗೆ ಇಳಿದು ಕಚ್ಚುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿಯಿದ್ದರೆ ಬಾಳುತ್ತದೆ, ಆದರೆ ಜಾರುತ್ತದೆ. ಒಣ ರಸ್ತೆಗೆ ಮೈತುಂಬ ರಬ್ಬರು ಬೇಕು, ಸಾಲು ಕಡಿಮೆ ಇರಬೇಕು. ಒದ್ದೆ ರಸ್ತೆಗೆ ಸಾಲು ಬೇಕು, ಆಳ ಬೇಕು. ಇಲ್ಲದಿದ್ದರೆ ನೀರಿಗೆ ಹೋಗಲು ದಾರಿ ಸಿಗದೆ ಟೈರು ನೀರಿನ ಮೇಲೆ ತೇಲುತ್ತದೆ. ಕಬ್ಬಿನ ಹೊಲಕ್ಕೆ ನೀರು ಹೋಗಲು ಕಾಲುವೆ ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಳಿನಿಂದ ತೆಗೆದ ಸಿಲಿಕಾ ಎಂಬ ಪುಡಿಯನ್ನು ರಬ್ಬರಿಗೆ ಬೆರೆಸಿದರೆ ಒದ್ದೆಯಲ್ಲೂ ಕಚ್ಚುತ್ತದಂತೆ. ಟೈರಿನ ಗೋಡೆಯ ಮೇಲೆ ಬರೆದಿರುವ ಅಂಕಿ, ಅಕ್ಷರ ಓದುವುದನ್ನೂ ಕಲಿತೆ. ಯಾವ ವಾರ ಹುಟ್ಟಿದ ಟೈರು ಎಂಬ ಜಾತಕ ಕೂಡ ಅಲ್ಲೇ ಇರುತ್ತದೆ. ಪರದೇಶದ ಪಂಡಿತರು ನೀರು ಚೆಲ್ಲಿದ ನುಣ್ಣನೆಯ ಮೈದಾನಗಳಲ್ಲಿ ಕಾರು ತಿರುಗಿಸಿ ತಿರುಗಿಸಿ ತೀರ್ಪು ಕೊಡುತ್ತಿದ್ದರು. ಅವರಲ್ಲಿ ಯಾರೂ ಎರಿ ಮಣ್ಣಿನ ಮೇಲೆ ಬ್ರೇಕು ಒತ್ತಿರಲಿಲ್ಲ. ಯಾರಿಗೂ ಹೊತ್ತು ಮುಳುಗುವುದರೊಳಗೆ ಶೇಡಬಾಳ ಮುಟ್ಟಬೇಕಾದ ತುರ್ತು ಇರಲಿಲ್ಲ.

ನಾನು ಊಟದ ಹೊತ್ತಿನಲ್ಲೂ ಇದನ್ನೇ ಮಾತಾಡುತ್ತಿದ್ದೆ. ಸುನಂದಾ ಒಂದು ದಿನ ರೊಟ್ಟಿ ಬಡಿಸುತ್ತ ಹೇಳಿದಳು: "ಮಳಿಗಾಲ ಬಂತಂದ್ರ ನಿಮ್ಮ ಅಥಣಿ ಚಪ್ಪಲ್ಲಾ ಅಟ್ಟದ ಮ್ಯಾಲ ಇಟ್ಟು ರಬ್ಬರಿನ್ವು ಹಾಕ್ಕೋತೀರಿ. ನಿಮ್ಮ ಕಾಲಿಗಿ ಇರೂ ಬುದ್ಧಿ ನಿಮ್ಮ ಗಾಡಿಗಿಲ್ಲಲ್ರಿ." ಮಾತು ಸರಿಯೇ. ಆ ಚರ್ಮದ ಚಪ್ಪಲಿ ಬೇಸಿಗೆಯಲ್ಲಿ ಕರ್ರಕರ್ರ ಎಂದು ರಾಜಗಾಂಭೀರ್ಯದಿಂದ ನಡೆಸುತ್ತದೆ, ಒದ್ದೆ ಫರಸಿ ಕಲ್ಲಿನ ಮೇಲೆ ಅದೇ ಗಾಂಭೀರ್ಯದಿಂದ ಕೆಡವುತ್ತದೆ. ಆದರೆ ಕಾರಿನ ಟೈರನ್ನು ಮಳೆ ಬಂದಾಗಲೊಮ್ಮೆ ಬಿಚ್ಚಿ ಅಟ್ಟಕ್ಕೇರಿಸುವುದು ಹೇಗೆ? ಎರಡಕ್ಕೂ ಒಂದೇ ಬೇಕು.

ನಿಪ್ಪಾಣಿಯಲ್ಲಿ ಹೆದ್ದಾರಿಯ ಬದಿಗೆ ಶಿಂದೆ ಮಾಮಾ ಅವರ ಟೈರಿನ ಅಂಗಡಿ. ಅರ್ಧ ಮಾತು ಮರಾಠಿ, ಅರ್ಧ ಕನ್ನಡ, ಎರಡರಲ್ಲೂ ಒಂದೇ ತೀರ್ಪು. ಒಣ ರಸ್ತೆಗೆ ಯಾವುದು ಒಳ್ಳೆಯದು ಎಂದು ಕೇಳಿದೆ. ಎದುರಿನ ಟೈರು ತಟ್ಟಿ, ಇದನ್ನೇ ತಗೊಳ್ಳಿ ಎನ್ನುವಂತೆ, "ಹಾ ಘ್ಯಾ ಸರ, ಏಕ್ ನಂಬರ್" ಎಂದರು. ಮಳೆಗೆ ಯಾವುದು? ಅದೇ ಟೈರನ್ನು ಇನ್ನೊಂದು ಕಡೆಯಿಂದ ತಟ್ಟಿ, "ಹಾ ಬೀ ಏಕ್ ನಂಬರ್" ಎಂದರು. ಕೆಸರಿಗೆ? ಅವರು ಮತ್ತೆ ಕೈ ಎತ್ತುವುದರೊಳಗೆ ನಾನೇ ಬಗ್ಗಿ ನೋಡಿದೆ. ತಮಾಷೆ ಎಂದರೆ ಆ ಟೈರು ನಿಜಕ್ಕೂ ನಾನು ಓದಿದ ಜಾತಿಯದಾಗಿತ್ತು. ಒಳಬದಿಯ ಅರ್ಧ ಮೈಗೆ ನೀರು ಹರಿಯಲು ಆಳವಾದ ಸಾಲುಗಳು. ಹೊರಬದಿಯ ಅರ್ಧಕ್ಕೆ ಒಣ ತಿರುವಿನಲ್ಲಿ ಊರಿ ನಿಲ್ಲುವ ಅಗಲವಾದ ಗಟ್ಟಿ ರಬ್ಬರಿನ ಪಟ್ಟಿಗಳು. ಎರಡು ಸ್ವಭಾವದವರು ಒಂದೇ ಮನೆಯಲ್ಲಿ ಬಾಳುವಂತೆ ಅವು ಒಂದೇ ಗಾಲಿಯ ಮೇಲಿದ್ದವು. ಒಣ ರಸ್ತೆಯಲ್ಲಿ ರೇಸಿನ ಟೈರಿನಷ್ಟು ಕಚ್ಚದು, ಮಳೆಯಲ್ಲಿ ಬರೀ ಮಳೆಯ ಟೈರಿನಷ್ಟು ನೀರು ಬಸಿಯದು. ಆದರೆ ಎರಡರಲ್ಲೂ ಕೈ ಬಿಡದು. ಮನಸ್ಸು ಅಲ್ಲೇ ನಿಂತಿತು. ನಾಲ್ಕೂ ಹಾಕಿಸಿದೆ. ಹೊರಬದಿ ಹೊರಗೇ ಬಂದಿದೆಯೇ ಎಂದು ನಾಲ್ಕು ಗಾಲಿಗೂ ಸುತ್ತು ಹಾಕಿ ನೋಡಿದಾಗ ಮಾಮಾ ನನಗೊಂದು ಚಹಾ ತರಿಸಿ ಕೊಟ್ಟು ಸಮಾಧಾನ ಮಾಡಿದರು.

ಮನೆಗೆ ಬಂದು ಅಂಗಳಕ್ಕೆಲ್ಲ ಪೈಪಿನಿಂದ ನೀರು ಹೊಡೆದು, ಕಾರನ್ನು ಗೇಟಿನಿಂದ ತುಳಸಿಕಟ್ಟೆಯ ತನಕ ಓಡಿಸಿ ಗಕ್ಕನೆ ನಿಲ್ಲಿಸಿ ತೋರಿಸಿದೆ. ಸುನಂದಾ ಬಾಗಿಲಲ್ಲಿ ನಿಂತು ನೋಡಿದಳು. "ಅಂಗಳದಾಗ ಯಾರರ ಜಾರ್ತಾರೇನ್ರಿ?" ಎಂದು ಒಳಗೆ ಹೋದಳು. ನನ್ನ ಪ್ರಯೋಗ ಅಲ್ಲಿಗೇ ಮುಗಿಯಿತು.

ಮತ್ತೆ ಮಳೆಗಾಲ ಬಂತು, ಭಾದ್ರಪದದ ಪರ್ವ ಬಂತು. ಅತ್ತೆ ಉಪವಾಸ ಹಿಡಿದಿದ್ದರು. ಮಗಳು ಒಂದು ಸಲ ಬಂದು ಹೋಗಲಿ ಎಂದು ಅವರಿಗೆ ಆಸೆ. ಅಂದು ಬೆಳಗಿನಿಂದ ಹಿಡಿದ ಮಳೆಗೆ ಸಂಜೆಯ ಬಸ್ಸು ಬರುವುದಿಲ್ಲ ಎಂದು ಗೊತ್ತಾಯಿತು. ನಾನು ಕಾಲೇಜಿನಿಂದ ಬಂದಾಗ ಸುನಂದಾ ಬುತ್ತಿಗಂಟು ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. "ಅವ್ವ ದಾರಿ ನೋಡಾಕತ್ತಿರ್ತಾಳ. ತಗೀರಿ ಗಾಡಿ" ಎಂದಳು. ಕಾರಿನಲ್ಲಿ ಕೂತವಳೇ ಹಿಡಿಕೆ ಹಿಡಿದಳು. ನಾನು ಅಷ್ಟು ಹೆದರಿ ಕಾರು ಓಡಿಸಿದ್ದು ಲೈಸನ್ಸಿನ ಪರೀಕ್ಷೆಯ ದಿನವೂ ಇಲ್ಲ.

ರಾಯಬಾಗ ದಾಟಿತು, ಆ ಕಬ್ಬಿನ ತಿರುವೂ ದಾಟಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಕುಡಚಿಯ ಹತ್ತಿರ ಮುಂದೆ ಒಂದು ಟ್ರ್ಯಾಕ್ಟರು, ರಸ್ತೆಯ ತುಂಬ ಅದೇ ಕರಿ ಮಣ್ಣು. ಹೊತ್ತು ಇಳಿಯುತ್ತಿತ್ತು. ಮೊದಲಾಗಿದ್ದರೆ ಹಿಂದೆ ಹಾಕಿಯೇ ಬಿಡುತ್ತಿದ್ದೆ. ಅಂದು ಅದರ ಹಿಂದೆಯೇ ಉಳಿದೆ. ಅಷ್ಟರಲ್ಲಿ ಬದಿಯಿಂದ ಒಂದು ಕುರಿಹಿಂಡು ರಸ್ತೆಗೆ ನುಗ್ಗಿತು, ಟ್ರ್ಯಾಕ್ಟರು ನಿಂತೇಬಿಟ್ಟಿತು. ನಾನೂ ಬ್ರೇಕು ಒತ್ತಿದೆ. ಕಾರು ಆಚೆ ಈಚೆ ಮಿಸುಕದೆ, ನೆಟ್ಟಗೆ, ಮೂಗು ತಿರುಗಿಸದೆ ನಿಂತಿತು. ನನಗೆ ಎದೆಯಿಂದ ಒಂದು ಮೂಟೆ ಇಳಿಸಿಟ್ಟಂತಾಯಿತು. ಕುರಿಗಳು ಮುಗಿಯುವುದನ್ನೇ ನೋಡುತ್ತ ಕೂತೆ.

ಕಾರು ಮತ್ತೆ ಹೊರಟಿತು. ಪಕ್ಕದಲ್ಲಿ ಬಟ್ಟೆಯ ಗಂಟು ಬಿಚ್ಚುವ ಸಪ್ಪಳ ಕೇಳಿಸಿತು. ಆಮೇಲೆ ಖಡಕ್ ರೊಟ್ಟಿ ಮುರಿದ ಸದ್ದು.

ಖಡಕ್ ರೊಟ್ಟಿಯನ್ನು ಒಂದು ಕೈಯಲ್ಲಿ ಮುರಿಯಲಾಗುವುದಿಲ್ಲ. ಕಣ್ಣಂಚಿನಲ್ಲಿ ನೋಡಿದೆ. ಹಿಡಿಕೆ ಖಾಲಿಯಾಗಿ ತೂಗುತ್ತಿತ್ತು. ಸುನಂದಾ ಎರಡೂ ಕೈಯಿಂದ ರೊಟ್ಟಿ ಮುರಿದು, ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿಕೊಂಡು ಉಣ್ಣುತ್ತಿದ್ದಳು.

"ಬುತ್ತಿ ತವರಿಗೆ ಒಯ್ಯಾಕ ಅಲ್ಲೇನ?" ಎಂದೆ.

"ತವರಿಗೆ ಯಾರರ ರೊಟ್ಟಿ ಒಯ್ತಾರೇನ್ರಿ? ಹೊತ್ತಾದ್ರ ದಾರ್‍ಯಾಗ ಉಂಡ್ರಾತು ಅಂತ ಪ್ರತಿ ಸಲ ಕಟಗೊಂಡ ಬರ್ತಿದ್ದೆ. ನಿಮ್ಮ ಗಾಡ್ಯಾಗ ಉಣ್ಣಾಕ ಕೈ ಎಲ್ಲಿ ಖಾಲಿ ಇರ್ತಿದ್ವು?" ಎಂದಳು. ಬೆಳಕಿನ ಕಡೆ ಒಮ್ಮೆ ನೋಡಿ, ಬೇಗ ಬೇಗ ಎರಡು ತುತ್ತು ಉಂಡು, ನೀರು ಕುಡಿದಳು. ಉಳಿದ ಒಂದು ತುಂಡನ್ನು ನನ್ನ ಬಾಯಿಗಿಟ್ಟಳು.

ಇಷ್ಟು ವರ್ಷ ನಾನು ಸೂರ್ಯನ ಜೊತೆ ಪಂದ್ಯ ಓಡುತ್ತಿದ್ದೆ. ಊಟ ನನ್ನ ಪಕ್ಕದ ಸೀಟಿನಲ್ಲೇ, ಅವಳ ತೊಡೆಯ ಮೇಲೆ ಗಂಟು ಕಟ್ಟಿಕೊಂಡು ಕೂತಿತ್ತು. ನಾನು ನಿಧಾನ ಮಾಡಿದ್ದರೆ ಸಾಕಿತ್ತು. ಕುಡಚಿಯ ಹೊಳೆಯ ಸೇತುವೆಯ ಮೇಲೆ ನನಗೆ ಒಬ್ಬನಿಗೇ ನಗು ಬಂತು.

ಶೇಡಬಾಳ ಮುಟ್ಟಿದಾಗ ಕತ್ತಲಾಗಿತ್ತು. ಅತ್ತೆ ಬಾಗಿಲಿಗೇ ಬಂದು, "ಹೊತ್ತ ಮುಣಗಿ ಹೋತಲ್ಲವಾ, ಇನ್ನ ಉಪಾಸ ಮಲಗೂದಾತಲ್ಲ" ಎಂದು ಪೇಚಾಡಿದರು.

"ಉಂಡೇನಬೇ ಅವ್ವಾ. ಗಾಡ್ಯಾಗ ಉಂಡೆ."

ಅಜಿತ ಒಮ್ಮೆ ಅಕ್ಕನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಮಾವಾರ ಗಾಡ್ಯಾಗ? ಮತ್ತ ಹಿಡಕಿ ಯಾರ ಹಿಡದಿದ್ರು?" ಎಂದ. ಸುನಂದಾ ಅವನ ಬೆನ್ನಿಗೊಂದು ಗುದ್ದಿ ನಗುತ್ತ ಒಳಗೆ ಹೋದಳು.

ಒಲೆ ಆರಿತ್ತು, ಪಾತ್ರೆಗಳು ಬೋರಲಾಗಿದ್ದವು. ನನ್ನ ಪಾಲಿಗೆ ಬಂದದ್ದು ದಾರಿಯಲ್ಲಿ ಸಿಕ್ಕ ಆ ಒಂದು ತುಂಡು ರೊಟ್ಟಿ ಮಾತ್ರ. ಹಸಿವಾಗಿತ್ತು. ಆದರೂ ಅಷ್ಟು ನಿರಾಳವಾಗಿ ನಾನು ಆ ಮನೆಯಲ್ಲಿ ಎಂದೂ ನಿದ್ದೆ ಮಾಡಿರಲಿಲ್ಲ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಂಗಳದಲ್ಲಿ ಕೂತು ನಾಲ್ಕೂ ಟೈರುಗಳ ಸಾಲುಗಳೊಳಗಿನ ಎರಿ ಮಣ್ಣನ್ನು ಕಡ್ಡಿಯಿಂದ ಕೆದರಿ, ತೊಳೆದು, ಒರೆಸಿದೆ. ಆಮೇಲೆ ಒಳಗೆ ಒರೆಸಲೆಂದು ಬಾಗಿಲು ತೆಗೆದೆ. ಸುನಂದಾಳ ಸೀಟಿನ ಮೇಲೆ ಗುರೆಳ್ಳ ಹಿಂಡಿಯ ಪುಡಿ ಉದುರಿತ್ತು. ಬಟ್ಟೆ ಹಿಡಿದ ಕೈ ಅಲ್ಲಿಯ ತನಕ ಹೋಯಿತು. ಯಾಕೋ ಒರೆಸಲು ಮನಸ್ಸು ಬರಲಿಲ್ಲ. ಹಾಗೆಯೇ ಬಾಗಿಲು ಹಾಕಿದೆ.