ಮರದ ಬಂದೂಕು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಮಡಿಕೇರಿಯ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಒಂದು ನಾಟಕ ಬರೆದರು. ಅದು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾಟಕ ಇದ್ದದ್ದು ನಮ್ಮ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ತಾಯಿಯ ಜತೆ ಇದ್ದ ಒಬ್ಬ ತಮಿಳು ಹೆಂಗಸಿನ ಮೇಲೆ. ನನ್ನ ಅಪ್ಪ ಆ ಎಸ್ಟೇಟಿನ ರೈಟರ್, ಲೆಕ್ಕ ಬರೆಯುವವರು. ಅವಳನ್ನು ನಾನು ಅಕ್ಕ ಅಂತಿದ್ದೆ. ಹುಟ್ಟಿದ್ದು ಮಲಯಾದ ರಬ್ಬರ್ ತೋಟದಲ್ಲಿ. ಯುದ್ಧದ ಕಾಲದಲ್ಲಿ ಬ್ರಿಟಿಷರ ವಿರುದ್ಧ ಅಲ್ಲಿ ಕಟ್ಟಿದ ಹೆಣ್ಣುಮಕ್ಕಳ ಪಡೆಯೊಂದಕ್ಕೆ ಸೇರಿ, ಬಂದೂಕು ಹೊತ್ತು ಬರ್ಮಾದವರೆಗೆ ನಡೆದವಳು. ಪಡೆಗೆ ಸೇರಿದಾಗ ಅವಳಿಗೆ ಹನ್ನೆರಡು ತುಂಬಿತ್ತು, ಅಷ್ಟೆ. ಯುದ್ಧ ಮುಗಿದ ಮೇಲೆ ತಾಯಿ ಮಗಳು ಇಲ್ಲಿಗೆ ಕೂಲಿಗೆ ಬಂದಿದ್ದರು.

ಮೇಷ್ಟ್ರು ಒಂದು ಭಾನುವಾರ ಲೈನಿಗೆ ಬಂದು ಅರ್ಧ ಗಂಟೆ ಅವಳನ್ನು ಮಾತಾಡಿಸಿದರು. ಉಳಿದದ್ದನ್ನು ತಾವೇ ಕಟ್ಟಿದರು. ಅದರಲ್ಲಿ ತಾಯಿ ಮಗಳಿಗೆ ಆರತಿ ಎತ್ತಿ, ಹಣೆಗೆ ಕುಂಕುಮ ಇಟ್ಟು, ಗೆದ್ದು ಬಾ ಎಂದು ಕಳಿಸುತ್ತಾಳೆ. ಮಗಳ ಪಾತ್ರ ನನ್ನದು. ನನಗೆ ಹದಿನೈದು. ಪೇಪರಿನಲ್ಲಿ ಹೆಸರು ಬರುತ್ತದೇನೋ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಬಂದೂಕು ಹಿಡಿಯುವುದನ್ನು ಕಲಿಯಲು ಸಂಜೆ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಅಕ್ಕನ ಹತ್ತಿರ ಹೋಗುತ್ತಿದ್ದೆ. ಬಡಗಿ ಮಾಡಿಕೊಟ್ಟ ಮರದ ಬಂದೂಕನ್ನು ಅವಳು ಮೊದಲ ದಿನ ಮುಟ್ಟಲೇ ಇಲ್ಲ. ನಾಲ್ಕನೇ ದಿನವೋ ಐದನೇ ದಿನವೋ ನನ್ನ ಭುಜಕ್ಕೆ ಅದನ್ನು ಸರಿಯಾಗಿ ಒರಗಿಸುತ್ತಾ, ತಾಯಿ ನೀರಿಗೆ ಹೋಗಿದ್ದಾಗ, ಮೆಲ್ಲಗೆ ಹೇಳಿದಳು. ಆರತಿ ಗೀರತಿ ಏನೂ ಇರಲಿಲ್ಲ. ಅವಳ ಅಪ್ಪನನ್ನು ಜಪಾನಿನವರು ರೈಲು ಹಳಿ ಹಾಕಲು ಎಳೆದುಕೊಂಡು ಹೋಗಿದ್ದರು, ಅವನು ತಿರುಗಿ ಬರಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿದಿತ್ತು, ಪಡೆಯ ಕ್ಯಾಂಪಿನಲ್ಲಿ ಎರಡು ಹೊತ್ತು ಅನ್ನ ಹಾಕುತ್ತಿದ್ದರು. ತಾಯಿಯೇ ಕೈಹಿಡಿದು ಕರೆದುಕೊಂಡು ಹೋಗಿ ಮಗಳಿಗೆ ಹದಿನೇಳು ವಯಸ್ಸು ಎಂದು ಬರೆಸಿದ್ದಳು. ಬರ್ಮಾದಿಂದ ಸೋತು ಹಿಂದೆ ಬರುವಾಗ ಜತೆಯ ಹುಡುಗಿಯೊಬ್ಬಳಿಗೆ ಕಾಲಿಗೆ ಗುಂಡು ತಗಲಿತಂತೆ. ನಿಲ್ಲಬೇಡಿ ಎಂದು ಹುಕುಂ ಆಯಿತು. "ಅವಳು ನೀರು ಕೇಳ್ತಿದ್ಲು. ನಾನು ನಡೆದುಬಿಟ್ಟೆ" ಅಂದಳು ಅಕ್ಕ. ಆಮೇಲೆ ನನ್ನ ಮೊಣಕೈ ಹಿಡಿದು ಮೇಲಕ್ಕೆತ್ತಿ, ಹೀಗೆ ಇಟ್ಕೋ, ಅಂದಳು.

ಮಾರನೇ ದಿನವೇ ಮೇಷ್ಟ್ರ ಹತ್ತಿರ ಹೋಗಿ ಆರತಿಯ ಸೀನು ತೆಗೆಯಿರಿ ಅಂದೆ. ಯಾಕೆ ಎಂದು ಅವರು ಕೇಳಲೂ ಇಲ್ಲ. ಬೆಂಗಳೂರಿನಿಂದ ದೊಡ್ಡವರು ಬರುತ್ತಾರೆ, ಆ ಸೀನಿಗೇ ಜನ ಅಳುವುದು ಅಂದರು.

ನಾಟಕದ ದಿನ ಪ್ಲಾಂಟರುಗಳಿಗೂ ಅಧಿಕಾರಿಗಳಿಗೂ ಮುಂದೆ ಕುರ್ಚಿ. ಯಾರ ಕತೆಯೋ ಆ ತಾಯಿ ಮಗಳನ್ನು ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಕೂರಿಸಿದ್ದರು. ಪರದೆಯ ಸಂದಿನಿಂದ ಅದನ್ನು ನೋಡಿದೆ.

ಆರತಿಯ ಸೀನು ಬಂತು. ತಾಯಿಯ ಪಾತ್ರದವಳು, ನನ್ನ ಕ್ಲಾಸಿನವಳೇ, ತಟ್ಟೆ ಎತ್ತಿದಳು. ನಾನು ವೀರಾವೇಶದ ಮಾತು ಹೇಳಬೇಕಿತ್ತು. ಹೇಳಲಿಲ್ಲ.

"ಅವ್ವಾ, ಅಲ್ಲಿ ಅನ್ನ ಹಾಕ್ತಾರೆ ಅಂತಲೇ ಅಲ್ವಾ ನೀನು ನನ್ನ ವಯಸ್ಸು ಸುಳ್ಳು ಬರೆಸಿದ್ದು?"

ಅವಳು ತಟ್ಟೆ ಹಿಡಿದು ಹಾಗೇ ನಿಂತಳು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ಪರದೆ ಎಳೆಸಿದರು. ಅದು ಮುಚ್ಚುವುದರೊಳಗೆ, ಹಿಂದೆ ಅಕ್ಕನ ತಾಯಿ, ಆ ಮುದುಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದದ್ದೂ ಅಕ್ಕ ಅವಳ ಹಿಂದೆ ಓಡಿದ್ದೂ ಕಂಡಿತು.

ಅಪ್ಪ ಮನೆಯಲ್ಲಿ ಕೆನ್ನೆಗೆ ಹೊಡೆದರು. ಅದಕ್ಕೆ ನನಗೆ ಬೇಸರವಾಗಲಿಲ್ಲ. ದೊಡ್ಡ ಕೆಲಸ ಮಾಡಿದ್ದೇನೆ ಎಂಬ ಜಂಬದಲ್ಲೇ ಮಾರನೇ ದಿನ ಲೈನಿಗೆ ಹೋದೆ. ಅಕ್ಕ ಬಾಗಿಲಲ್ಲೇ ತಡೆದಳು.

"ಅದನ್ನ ನಿನಗೆ ಹೇಳಿದ್ದು. ಊರಿಗೆ ಹೇಳು ಅಂದಿದ್ನಾ? ಹದಿನಾಲ್ಕು ವರ್ಷದಿಂದ ನಾನು ಅವಳನ್ನ ಒಂದು ಮಾತು ಕೇಳಿರಲಿಲ್ಲ."

ಒಳಗೆ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೇಷ್ಟ್ರ ಮೇಲಿದ್ದ ಸಿಟ್ಟಿಗಿಂತ ದೊಡ್ಡ ಸಿಟ್ಟು ಆ ಹೊತ್ತು ನನ್ನ ಮೇಲೇ ಬಂತು. ಅದು ಇನ್ನೂ ಹೋಗಿಲ್ಲ.

ಮುದುಕಿ ಮೂರು ದಿನ ಒಲೆಯ ಹತ್ತಿರ ಬರಲಿಲ್ಲವಂತೆ. ನಾಲ್ಕನೇ ದಿನ ಅಕ್ಕ ತಾನೇ ಅನ್ನ ಕಲಸಿ ಅವಳ ಬಾಯಿಗಿಟ್ಟಳಂತೆ. ಪಕ್ಕದ ಲೈನಿನವರು ಹೇಳಿದ್ದು. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ಉಳಿದಿರಲಿಲ್ಲ. ಅಕ್ಕ ನನ್ನ ಜತೆ ಮತ್ತೆ ಮಾತಾಡಿದ್ದು ನನ್ನ ಮದುವೆಯ ವರ್ಷ, ಅದೂ ಎರಡೇ ಮಾತು.

ಎರಡು ತಿಂಗಳಿಗೆ ಮೇಷ್ಟ್ರು ವಿರಾಜಪೇಟೆಯಲ್ಲಿ ಅದೇ ನಾಟಕ ಆಡಿಸಿದರು, ಬೇರೆ ಹುಡುಗಿಯ ಕೈಲಿ. ಒಂದು ಅಕ್ಷರವೂ ಬದಲಾಗಿರಲಿಲ್ಲ. ಆರತಿಯ ಸೀನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.